ಅವ್ವ ಮುಟ್ಟಿಸುತ್ತಿದ್ದ ಮಾತು

ನಮ್ಮ ಮನೆಯಲ್ಲಿ ಅಪ್ಪ ಬೆಳೆದ ಮಕ್ಕಳ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಏನಿದ್ದರೂ ಅವ್ವನಿಗೆ ಹೇಳುತ್ತಿದ್ದ, ಅವ್ವ ನಮಗೆ ಮುಟ್ಟಿಸುತ್ತಿದ್ದಳು. ನಾವೂ ಹಾಗೆಯೇ. ಊರು ಬಿಟ್ಟು ದುಡಿಯಲು ಬಂದ ವೆರ್ಣಾದ ಒಂದೇ ಖೋಲಿಯ ಮನೆಯಲ್ಲಿ ಎದುರುಬದುರು ಕೂತು ಉಣ್ಣುವಾಗಲೂ ಆಕೆಯ ಮೂಲಕವೇ ಮಾತು.

ಅವ್ವ ತೀರಿಕೊಂಡ ಮೇಲೆ ಆ ಕೆಲಸ ಹಿರಿಯ ಮಗನಾದ ನನ್ನ ಪಾಲಿಗೆ ಬಂತು.

ತಮ್ಮ ತಾನು ದುಡಿಯುವ ಫ್ಯಾಕ್ಟರಿಯ ಕೊಂಕಣಿ ಹುಡುಗಿಯೊಬ್ಬಳನ್ನು ಮದುವೆಯಾಗಬೇಕೆಂದಿದ್ದ. "ಅಣ್ಣಾ, ಅಪ್ಪಗ ನೀನ ಹೇಳು. ಅವ್ವ ಇದ್ದಿದ್ರ ಇಷ್ಟೊತ್ತಿಗೆ ಒಪ್ಪಿಸಿ ಚಾ ಕುಡಸ್ತಿದ್ಲು," ಎಂದ. ಹೂಂ ಅಂದೆ. ಆದರೆ ನನಗೇ ಇನ್ನೂ ಹೆಣ್ಣು ಸಿಕ್ಕಿರಲಿಲ್ಲ, ಹೊಟ್ಟೆ ಉರಿಯಿತು. ಎಂಟು ದಿನ ಬಿಟ್ಟು, ಅಪ್ಪನನ್ನು ಕೇಳದೆಯೇ, "ಅಪ್ಪ ಒಲ್ಲೆ ಅಂದಾನ" ಎಂದುಬಿಟ್ಟೆ. ತಮ್ಮ ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಅಪ್ಪನ ಕಡೆ ಒಮ್ಮೆ ನೋಡಿದ, ಏನೂ ಕೇಳಲಿಲ್ಲ. ಮರುದಿನ ಬಟ್ಟೆ ಕಟ್ಟಿಕೊಂಡು ಹುಡುಗಿಯ ಜೊತೆ ವಾಳಪೈ ಊರಿಗೆ ಹೋದ. ಅಲ್ಲಿ ಮದುವೆಯಾದನೆಂಬ ಸುದ್ದಿಯನ್ನಷ್ಟೇ ಅಪ್ಪನಿಗೆ ಮುಟ್ಟಿಸಿದೆ.

ಎರಡು ವರ್ಷವಾಯಿತು. ನಾನು ಕೆಲಸಕ್ಕೆ ಹೊರಟಾಗಲೆಲ್ಲ ಅಪ್ಪ ಬಾಗಿಲಿಗೆ ಬರುತ್ತಾನೆ.

"ಆಕಿನ್ನ ಕರ್ಕೊಂಡ ಮನಿಗೆ ಬಾ ಅಂತ ಹೇಳಿದಿಯೇನ ಅವಗ?"

"ಹೇಳೇನಪ್ಪಾ. ರಜಾ ಸಿಗವಲ್ದಂತ."

ಖರೇ ಅಂದರೆ ಒಮ್ಮೆಯೂ ಹೇಳಿಲ್ಲ. ತಮ್ಮ ಬಂದರೆ ನನ್ನ ಸುಳ್ಳು ಹೊರಬೀಳುತ್ತದೆ.

ಇವತ್ತು ಅಪ್ಪ ಎಂದೂ ಆಡದ ಮಾತು ಆಡಿದ. "ಅವಗ ಫೋನ ಹಚ್ಚಿ ಕೊಡು. ನಾನ ಮಾತಾಡ್ತೇನಿ."

ಕಂಪನಿ ಬಸ್ಸು ಬಂತು ಎಂದು ಹೇಳಿ ಓಡಿಬಂದೆ. ಬಸ್ಸು ಇನ್ನೂ ಬಂದಿರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ.