ಮಾಸ್ಕ್ ತೆಗೆದ ಹತ್ತು ನಿಮಿಷ

“ಥಂಡಿ, ಜ್ವರ ಎಂತಾದ್ರೂ ಇದ್ಯಾ ಅಮ್ಮಾ?”

ಕುಮಟಾದ ವೃದ್ಧಾಶ್ರಮದ ಬಾಗಿಲಲ್ಲಿ ನರ್ಸ್ ಸುಮಾ ಕೇಳಿದ್ದು ಇಷ್ಟೇ. ಇಲ್ಲ ಎಂದೆ. ಬೆಳಿಗ್ಗೆ ಜ್ವರದ ಮಾತ್ರೆ ನುಂಗಿಯೇ ಭಟ್ಕಳದಲ್ಲಿ ಬಸ್ ಹತ್ತಿದ್ದೆ. ನಿಜ ಹೇಳಬೇಕಿತ್ತು. ಹೇಳಲಿಲ್ಲ.

ಯಾಕೆ? ಡಬ್ಬಿಯಲ್ಲಿ ಬಳಚಿನ ಸುಕ್ಕ ಇತ್ತು. ಹೊನ್ನಾವರ ಹೊಳೆಯ ಚಿಪ್ಪಿಮೀನಿನ ಒಣ ಪಲ್ಯ. ಅದಿದ್ದರೆ ನನ್ನ ಅಕ್ಕ ಎರಡು ತುತ್ತು ಜಾಸ್ತಿ ಉಣ್ಣುತ್ತಾಳೆ. ತಿರುಗಿ ಹೋಗಲು ಮನಸ್ಸಾಗಲಿಲ್ಲ.

ಫ್ಲೂ ಇಂಜೆಕ್ಷನ್ ಹಾಕಿಸಿಕೊಳ್ಳಿ ಎಂದು ಸುಮಾ ಎರಡು ತಿಂಗಳಿಂದ ಹೇಳುತ್ತಿದ್ದಳು. ಬಂಗಡೆ ಬೀಳುವ ದಿನಗಳಲ್ಲಿ ಮೀನು ಮಾರುವವಳಿಗೆ ಪುರುಸೊತ್ತೆಲ್ಲಿ? (ಓದಿದ್ದು ಏಳನೇ ಕ್ಲಾಸು. ಆದರೆ ‘ಜ್ವರ, ಕೆಮ್ಮು ಇದ್ದವರು ಒಳಗೆ ಬರಬೇಡಿ’ ಎಂಬ ಬಾಗಿಲಿನ ಬೋರ್ಡು ಓದಲು ಅಷ್ಟು ಸಾಕು. ನೆಪ ಹೇಳುವುದಿಲ್ಲ.)

ಅಕ್ಕನಿಗೆ ಕಿವಿ ಮಂದ. ತುಟಿ ನೋಡಿ ಮಾತು ತಿಳಿಯುತ್ತಾಳೆ. ಬಾಗಿಲಲ್ಲಿ ಸುಮಾ ಕೊಟ್ಟ ಮಾಸ್ಕ್ ನನ್ನ ಮುಖದ ಮೇಲೆ ಕಂಡು ರೇಗಿದಳು.

“ಬಾಯಿ ಮುಚ್ಕಂಡು ಎಂತ ಮಾತಾಡ್ತೆ? ಮೀನ್ ಪೇಟೇಲೂ ಹೀಂಗೇ ಕೂಗ್ತ್ಯಾ?”

ಪಕ್ಕದ ಮಂಚದ ಗಿರಿಜಮ್ಮ ನಕ್ಕರು. ನಾನೂ ನಕ್ಕು ಮಾಸ್ಕ್ ತೆಗೆದೆ. ಹತ್ತೇ ನಿಮಿಷ. ತುಟಿ ಕಾಣುವಂತೆ ಅಕ್ಕನ ಮುಖದ ಹತ್ತಿರ ಬಾಗಿ ಮಾತಾಡಿದೆ. ನಡುವೆ ಕೆಮ್ಮು ಬಂತು. ಗಿರಿಜಮ್ಮನೇ ಎದ್ದು ಬಂದು ನೀರು ಕೊಟ್ಟರು.

ವಾರದೊಳಗೆ ಆ ಕೋಣೆಯ ಜ್ವರ ಇಡೀ ಆಶ್ರಮಕ್ಕೆ ಹಬ್ಬಿತು. ಅಕ್ಕ ಆಸ್ಪತ್ರೆ ಸೇರಿ ಉಳಿದು ಬಂದಳು. ಗಿರಿಜಮ್ಮ ಬರಲಿಲ್ಲ.

ನಮಗೆ ಎರಡು ದಿನದ ನೆಗಡಿ. ಅವರಿಗೆ? ಎಲ್ಲರೂ ಒಂದೇ ಹಾಲ್‌ನಲ್ಲಿ ಉಣ್ಣುವ ಕಡೆ ಒಂದು ಕೆಮ್ಮು ಎಲ್ಲಿಯವರೆಗೆ ಹೋಗುತ್ತದೆ? ಡಬ್ಬಿಯನ್ನು ಬಾಗಿಲಲ್ಲೇ ಕೊಟ್ಟು ಬಂದಿದ್ದರೆ ಅಕ್ಕ ಬೈಯುತ್ತಿದ್ದಳು. ಅಷ್ಟೇ.

ಇಂಜೆಕ್ಷನ್ ಹಾಕಿಸಿಕೊಂಡು, ಪೂರ್ತಿ ಗುಣವಾದ ಮೇಲೆ ಮೊನ್ನೆ ಮತ್ತೆ ಹೋದೆ. ಗಿರಿಜಮ್ಮನ ಮಂಚದಲ್ಲಿ ಹಾಸಿಗೆ ಸುತ್ತಿಟ್ಟಿತ್ತು. ಅಕ್ಕ ನನ್ನನ್ನು ಕಂಡದ್ದೇ ಶುರು ಮಾಡಿದಳು. “ಜ್ವರ ತಂದದ್ದು ಆ ಸುಮಾನೇ ಅಂಬ್ರು ಎಲ್ಲ. ಕೆಲ್ಸದಿಂದ ತೆಗೀತ್ರಂತೆ. ತೆಗೀಲಿ!”

ಸುಮಾ ಮಾತ್ರೆಯ ಟ್ರೇ ಹಿಡಿದು ಅಲ್ಲೇ ನಿಂತಿದ್ದಳು. ನನ್ನ ಕಡೆ ನೋಡಲೂ ಇಲ್ಲ.

ಮಾಸ್ಕ್ ತೆಗೆಯಲಿಲ್ಲ. ಅಕ್ಕನ ಹತ್ತಿರವೂ ಹೋಗಲಿಲ್ಲ. ಕೋಣೆಯ ಬಾಗಿಲಲ್ಲೇ ನಿಂತು ಮೀನು ಪೇಟೆಯ ಗಂಟಲು ತೆಗೆದು ಕೂಗಿದೆ. ಅಕ್ಕನಿಗೂ ಕೇಳಿತು, ಊಟದ ಹಾಲ್‌ನವರಿಗೂ ಕೇಳಿತು. (ಅವತ್ತೂ ಹೀಗೇ ಕೂಗಬಹುದಿತ್ತು.)

“ಸುಮಾ ಅಲ್ಲ ಅಕ್ಕಾ, ಜ್ವರ ತಂದವ್ಳು ನಾನು. ಸುಳ್ಳು ಹೇಳಿ ಒಳಗೆ ಬಂದೆ. ತಪ್ಪಾತು ಸುಮಾ. ಗಿರಿಜಮ್ಮಾ, ತಪ್ಪಾತು.”