ಬಲಕ್ಕೆ ಐವತ್ತೊಂದು, ಎಡಕ್ಕೆ ನಲವತ್ತೊಂಬತ್ತು

ಬನಹಟ್ಟಿಯ ನೇಕಾರ ಓಣಿಯಲ್ಲಿ ಗಿರಮಲ್ಲಪ್ಪನಂಥ ಗಟ್ಟಿ ಲೆಕ್ಕದವನು ಇನ್ನೊಬ್ಬನಿರಲಿಲ್ಲ. ಸಾಲಿಯ ಕಟ್ಟೆ ಹತ್ತಿದವನಲ್ಲ. ಆದರೂ ಮಗ್ಗಕ್ಕೆ ಏರಿಸಿದ ಎರಡು ಸಾವಿರ ಎಳೆಯ ಹಾಸಿನಲ್ಲಿ ಒಂದು ಎಳೆ ಕಡಿಮೆಯಿದ್ದರೆ ಅಂಗೈ ಆಡಿಸಿ ಹೇಳುತ್ತಿದ್ದ. ನೂರು ಎಳೆಗೊಂದು ಗಂಟು ಹಾಕಿದ ದಾರವೇ ಅವನ ಪಾಟಿ, ಅದೇ ಬಳಪ. "ಮನಶ್ಯಾ ಸುಳ್ಳ ಹೇಳ್ಯಾನು, ಗಂಟ ಹೇಳಂಗಿಲ್ಲ" ಎನ್ನುವುದು ಅವನ ಮಾತು.

ಪ್ಲೇಗು ಎರಡನೆಯ ಸಲ ಬಂದ ವರ್ಷ ತೊಲೆಯಿಂದ ಸತ್ತ ಇಲಿಗಳು ಉದುರಿದವು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿರೆಂದು ಜಮಖಂಡಿ ಸಂಸ್ಥಾನದಿಂದ ಹುಕುಂ ಬಂತು, ಡಂಗುರವನ್ನೂ ಹೊಡೆಸಿದರು. ಒಕ್ಕಲಿಗನಾದರೆ ಎತ್ತು ಹೊಡೆದುಕೊಂಡು ಹೋದಾನು. ನೇಕಾರನ ಮಗ್ಗ ನೆಲದ ಕುಣಿಯಲ್ಲಿ ಹೂತಿರುತ್ತದೆ. ಗಂಜಿ ಹಚ್ಚಿ ಏರಿಸಿದ ಹಾಸನ್ನು ತಿಂಗಳುಗಟ್ಟಲೆ ಬಿಟ್ಟರೆ ಬೂಸು ಹಿಡಿದು ಹಾಳಾಗುತ್ತದೆ. ಹೀಗಾಗಿ ಓಣಿಯ ನಲವತ್ತೆಂಟು ಮನೆಯವರೂ ವೀರಭದ್ರನ ಗುಡಿಗೆ ಹೋಗಿ ಮನೆಗೊಂದರಂತೆ ಹೂ ಕೇಳಿದರು. ಒದ್ದೆ ಹೂವನ್ನು ದೇವರ ನೆತ್ತಿಗಿಟ್ಟು 'ಊರಲ್ಲೇ ಇರೋಣವೇ?' ಎಂದು ಬೇಡುವುದು. ಬಲಕ್ಕೆ ಬಿದ್ದರೆ ಇರಬೇಕು, ಎಡಕ್ಕೆ ಬಿದ್ದರೆ ಹೋಗಬೇಕು.

ಗಿರಮಲ್ಲಪ್ಪನ ಹೂ ಬಲಕ್ಕೆ ಬಿತ್ತು. ಮಗ್ಗದ ಮೇಲೆ ನೇಯುವುದು ಇನ್ನೂ ಹದಿನೆಂಟು ಮೊಳ ಉಳಿದಿತ್ತು, ಅವನಿಗೆ ಹಿಗ್ಗು. ನೆರೆಮನೆಯ ಚನಮಲ್ಲಪ್ಪನದು ಎಡಕ್ಕೆ ಬಿತ್ತು. ಅವನು ಗಂಟುಮೂಟೆ ಕಟ್ಟಿ ಗೊಣಗುತ್ತ ಚಿಮ್ಮಡದ ಹಾದಿ ಹಿಡಿದ.

"ದೇವ್ರಿಗೂ ನಿನ್ನ ಮಾರಿ ಬ್ಯಾಡಾಗೇತಿ ನೋಡಲೇ ಚನ್ಯಾ," ಎಂದು ಗಿರಮಲ್ಲಪ್ಪ ನಕ್ಕ.

"ನಗು, ನಗು. ನೀನು ಕುಣ್ಯಾಗ ಕಾಲ ಇಳಿಬಿಟ್ಟ ಕುಂತಾಂವಾ."

ಎಂಟನೆಯ ದಿನ ಗಿರಮಲ್ಲಪ್ಪನ ಮಗಳು ಅನಸವ್ವನ ತೊಡೆಸಂದಿಯಲ್ಲಿ ಪ್ಲೇಗಿನ ಗಡ್ಡೆ ಎದ್ದಿತು. ಏಳು ವರ್ಷದವಳು, ಇದ್ದವಳು ಅವಳೊಬ್ಬಳೇ. ಅಪ್ಪನ ಗಂಟಿನ ದಾರವನ್ನು ಬೆರಳಿಗೆ ಸುತ್ತಿಕೊಂಡು ಮಲಗಿದಳು. ಮೂರು ದಿನಕ್ಕೆ ಆ ಸೆಟೆದ ಬೆರಳುಗಳಿಂದ ದಾರ ಬಿಡಿಸಿಕೊಳ್ಳಬೇಕಾಯಿತು.

ಊರು ಮತ್ತೆ ಕೂಡಿದ ಮೇಲೆ ಗಿರಮಲ್ಲಪ್ಪ ಮನೆಮನೆಗೆ ಹೋಗಿ ಎಣಿಸಿದ. ಹೂ ಬಲಕ್ಕೆ ಬಿದ್ದು ಉಳಿದವರು ಇಪ್ಪತ್ತೈದು ಮನೆ. ಅದರಲ್ಲಿ ಹದಿನೇಳರಲ್ಲಿ ಹೆಣ ಎದ್ದಿತ್ತು. ಎಡಕ್ಕೆ ಬಿದ್ದು ಹೋದವರು ಇಪ್ಪತ್ಮೂರು, ಅವರಲ್ಲಿ ಸಾವು ಎರಡೇ ಮನೆಯಲ್ಲಿ. ದೇವರಿಗೆ ಮುಂದಿನದು ಕಂಡಿದ್ದರೆ ಆ ಹದಿನೇಳು ಹೂವನ್ನು ಎಡಕ್ಕೆ ಕೆಡವಬೇಕಿತ್ತು. ಕಂಡೂ ಸುಮ್ಮನಿದ್ದನೋ? ಹಾಗಾದರೆ ಕಟುಕ. ಕಾಣಲೇ ಇಲ್ಲವೋ? ಇಪ್ಪತ್ತೈದು, ಇಪ್ಪತ್ಮೂರು. ಕವಡೆ ಎಸೆದರೂ ಹೀಗೇ ಹೆಚ್ಚುಕಡಿಮೆ ಅರ್ಧರ್ಧ ಬೀಳುತ್ತದೆ. ದೇವರು ಕಟುಕನೇ ಆಗಿರಲಿ ಎಂದು ಗಿರಮಲ್ಲಪ್ಪ ಹಾರೈಸಿದ. ಕಟುಕನನ್ನು ಬೈಯಬಹುದು. ಕವಡೆಯ ಮುಂದೆ ಎದೆ ಬಡಿದುಕೊಂಡರೆ ಏನು ಬಂತು?

ಒಂದು ಮಧ್ಯಾಹ್ನ ಪೂಜಾರಿ ಊಟಕ್ಕೆ ಹೋದ ಹೊತ್ತಿಗೆ ಬುಟ್ಟಿ ತುಂಬ ಕಣಗಿಲ ಹೂ ತಂದು ಗುಡಿ ಹೊಕ್ಕ. ಉತ್ತರ ತನಗೆ ಮೊದಲೇ ಗೊತ್ತಿದ್ದ ಪ್ರಶ್ನೆಯನ್ನು ಕೇಳಿದ.

"ನನಗ ಅನಸವ್ವ ಅಂತ ಮಗಳಿದ್ಲೇನು?"

ಬಲಕ್ಕೆ ಬಿದ್ದರೆ ಒಂದು ದಾರಕ್ಕೆ ಗಂಟು, ಎಡಕ್ಕೆ ಬಿದ್ದರೆ ಇನ್ನೊಂದಕ್ಕೆ. ಹೀಗೆ ನೂರು ಸಲ. ಹೌದೆಂದದ್ದು ಐವತ್ತೊಂದು, ಇಲ್ಲವೆಂದದ್ದು ನಲವತ್ತೊಂಬತ್ತು. ಲೆಕ್ಕ ತಪ್ಪಿರಲೆಂದು ಮೂರು ಸಲ ಎಣಿಸಿದ. ಜನ್ಮದಲ್ಲಿ ಅವನು ಹಾಗೆ ಬಯಸಿದ್ದು ಅದೇ ಮೊದಲು. ತಪ್ಪಿರಲಿಲ್ಲ.

ದಾರಗಳನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಯಾರಿಗೂ ಹೇಳಲಿಲ್ಲ. ಹೆಂಡತಿ ಶಿವವ್ವ ಅರೆಹೊಟ್ಟೆಯಾದರೂ ಉಂಡು ಬದುಕಿದ್ದು, ಮಗಳು ದೇವರ ಕಡೆ ಇದ್ದಾಳೆಂಬ ಒಂದೇ ಆಸರೆಯಿಂದ.

ಶ್ರಾವಣದ ಮೊದಲ ಸೋಮವಾರ ಅವಳು ಅವನನ್ನು ಗುಡಿಗೆ ಕರೆದೊಯ್ದಳು. ಹೂ ಇಟ್ಟು ಕೇಳಿದಳು: "ನನ್ನ ಕೂಸು ಅಲ್ಲಿ ಛಲೋ ಐತೇನಪಾ?"

ಹೂ ಎಡಕ್ಕೆ ಬಿತ್ತು.

ಶಿವವ್ವ ಗುಡಿಯ ಕಂಬಕ್ಕೆ ಒರಗಿ ಕುಳಿತುಬಿಟ್ಟಳು.

"ಇನ್ನೊಮ್ಮಿ ಕೇಳು," ಎಂದ ಗಿರಮಲ್ಲಪ್ಪ.

"ಎರಡ ಸಲ ಕೇಳಬಾರದ್ರೀ. ಹೇಳೂದು ಹೇಳ್ಯಾನ."

ತಡೆಯಲಾರದೆ ಅವನು ಕಿಸೆಯ ದಾರಗಳನ್ನು ತೆಗೆದು ಅವಳ ಮಡಿಲಲ್ಲಿಟ್ಟ. ನೂರು ಸಲ ಕೇಳಿದ್ದನ್ನು, ಬಂದ ಉತ್ತರವನ್ನು ಹೇಳಿದ. "ಹೂವಿಗೆ ಏನೂ ತಿಳಿಯಂಗಿಲ್ಲ. ನಮ್ಮ ಮಗಳು ಇದ್ಲೋ ಇಲ್ಲೋ ಅನ್ನೂದಽ ಅದಕ್ಕ ಗೊತ್ತಿಲ್ಲ. ಅದರ ಮಾತ ಮನಸಿಗಿ ಹಚ್ಕೋಬ್ಯಾಡ."

ಶಿವವ್ವ ಗಂಟುಗಳ ಮೇಲೆ ಒಂದೊಂದಾಗಿ ಬೆರಳು ಆಡಿಸಿದಳು. ಆಮೇಲೆ ತಲೆ ಎತ್ತಿದಳು.

"ಹಂಗಾದ್ರ ಊರಾಗ ಇರೋಣೇನಂತ ಆವತ್ತ ಯಾಕ ಕೇಳಿದ್ರಿ?"

ಮನೆಗೆ ಬಂದ ಗಿರಮಲ್ಲಪ್ಪ ಕುಣಿಗೆ ಇಳಿದು ಕುಳಿತ. ಅನಸವ್ವ ಮಲಗಿದಂದು ನೇಯುವುದು ಬಿಟ್ಟ ಹಾಸೆಲ್ಲ ಬೂಸು ಹಿಡಿದಿತ್ತು. ಹದಿನೆಂಟು ಮೊಳದಲ್ಲಿ ಆರು ಮೊಳ ಹಾಗೇ ಇತ್ತು.