ನಮ್ಮ ಮನೆ ಓನರ ಫುಟ್‌ಬಾಲ್ ಕ್ಲಬ್ಬು

ಮೊನ್ನೆ ಮೊಣಕಾಲು ನೋವಿಗೆಂದು ತಂದ ಮುಲಾಮಿನ ಮುಚ್ಚಳ ತೆಗೆದಿದ್ದೇ ತಡ, ಎಂಬತ್ತರ ದಶಕದ ಒಂದು ಗ್ಯಾರೇಜು ಮೂಗಿಗೆ ಅಡರಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಗಿನ ಗ್ಯಾರೇಜು ಅದು. ಭಾನುವಾರ ಬೆಳಿಗ್ಗೆ ಐರಿಷ್ ಹುಡುಗರು ಅಲ್ಲಿ ಸಾಲಾಗಿ ಕೂತು ತೊಡೆ, ಮೀನಖಂಡಗಳಿಗೆ ಇದೇ ಘಾಟಿನ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ನನ್ನ ಒಗ್ಗರಣೆಯ ವಾಸನೆ ಕೂಡ ಅದರ ಮುಂದೆ ಸೋಲುತ್ತಿತ್ತು.

ಗ್ಯಾರೇಜು, ಮನೆ, ಆ ಹುಡುಗರ ತಂಡ, ಎಲ್ಲವೂ ನಮ್ಮ ಓನರಿಗೆ ಸೇರಿದ್ದು. ಐರ್ಲೆಂಡಿನಿಂದ ಹರೆಯದಲ್ಲೇ ಬಂದು, ಕಟ್ಟಡದ ಕೆಲಸ ಮಾಡಿ ಮೇಲೆ ಬಂದ ಮನುಷ್ಯ. ಹೆಂಡತಿ ಮಕ್ಕಳು ಇರಲಿಲ್ಲ... ಇದ್ದದ್ದು ಅವರ ನಾಡಿನ ಆಟವಾದ ಗೇಲಿಕ್ ಫುಟ್‌ಬಾಲಿನ ಈ ಕ್ಲಬ್ಬು. ಗಾರೆ ಕೆಲಸದ ಗೆಳೆಯರನ್ನು ಕೂಡಿಸಿಕೊಂಡು ಅದನ್ನು ಕಟ್ಟಿ, ತಮ್ಮ ಹಳ್ಳಿಯ ಹೆಸರನ್ನೇ ಇಟ್ಟಿದ್ದರು. ಆ ಹಳ್ಳಿಯಲ್ಲಿ ಅವರ ಕಡೆಯವರು ಯಾರೂ ಉಳಿದಿರಲಿಲ್ಲ. ಜೆರ್ಸಿಯ ಎದೆಯ ಮೇಲೆ ಇದ್ದದ್ದೇ ಅವರ ಪಾಲಿನ ಊರು. ಹೊಸದಾಗಿ ಬಂದ ಹುಡುಗರಿಗೆ ಮಲಗಲು ಜಾಗ ಕೊಟ್ಟು, ಪೇಂಟಿಂಗ್ ಕೆಲಸ ಕೊಡಿಸಿ, ಭಾನುವಾರ ಮೈದಾನಕ್ಕೆ ಇಳಿಸುತ್ತಿದ್ದರು.

ಆ ಆಟವನ್ನು ಕೈಯಲ್ಲೂ ಆಡುತ್ತಾರೆ, ಕಾಲಲ್ಲೂ ಆಡುತ್ತಾರೆ. ಗೋಲಿನ ಕಂಬಗಳು ಎತ್ತರಕ್ಕೆ ಎದ್ದಿರುತ್ತವೆ. ಎರಡು ಕಂಬಗಳ ನಡುವೆ ಅಡ್ಡಪಟ್ಟಿಯ ಕೆಳಗೆ ಚೆಂಡು ಹೋದರೆ ಗೋಲು, ಮೇಲೆ ಹೋದರೆ ಒಂದು ಪಾಯಿಂಟು, ಕಂಬದಾಚೆ ಹೋದರೆ ಏನೂ ಇಲ್ಲ. ಒಂದೊಂದು ಕಂಬದ ಪಕ್ಕ ಬಿಳಿ ಕೋಟು ತೊಟ್ಟ ಒಬ್ಬೊಬ್ಬ ಅಂಪೈರು, ತಂಡಕ್ಕೊಬ್ಬರಂತೆ. ಪಾಯಿಂಟಾದರೆ ಬಿಳಿ ಬಾವುಟ ಎತ್ತಬೇಕು. ನಾನಾಗ ಆಸ್ಪತ್ರೆಯ ಲ್ಯಾಬಿನಲ್ಲಿದ್ದೆ. ಒಂದು ಭಾನುವಾರ ಅವರ ಅಂಪೈರು ಕೈಕೊಟ್ಟಾಗ ಓನರು ಮೆಟ್ಟಿಲ ಕೆಳಗೆ ನಿಂತು, ನಿಮ್ಮ ಹತ್ತಿರ ಬಿಳಿ ಕೋಟಿದೆಯಲ್ಲ, ಬನ್ನಿ ಅಂದರು. ನಾನು ಬರೀ ಟೆಕ್ನಿಷಿಯನ್ ಎಂದು ಎಷ್ಟು ಹೇಳಿದರೂ ಅವರ ಬಾಯಲ್ಲಿ ನಾನು ಡಾಕ್ಟರೇ. ಮಂಡ್ಯದ ಹೈಸ್ಕೂಲಿನಲ್ಲಿ ಥ್ರೋಬಾಲ್ ಆಡಿದವಳು ನಾನು, ಗೆರೆಯ ವಿಷಯಕ್ಕೆ ಜಗಳವಾಡಿ ಅಭ್ಯಾಸವಿತ್ತು. ಹೋದೆ. ಆಮೇಲೆ ಆ ಜಾಗ ನನಗೇ ಖಾಯಂ ಆಯಿತು.

ಆದರೆ ಹುಡುಗರು ನಿಲ್ಲುತ್ತಿರಲಿಲ್ಲ. ಹೆಚ್ಚಿನವರ ಹತ್ತಿರ ವೀಸಾದ ಪೇಪರ್ಸ್ ಇರಲಿಲ್ಲ. ತಾಯಿಯ ಮಣ್ಣಿಗೆಂದು ಹೋದ ಒಬ್ಬ ವಾಪಸು ಬರಲಾಗದೆ ಅಲ್ಲೇ ಉಳಿದ. ಇನ್ನು ಕೆಲವರು ಕೆಲಸ ಹುಡುಕಿಕೊಂಡು ನ್ಯೂಯಾರ್ಕಿಗೆ ಹೋದರು. ಹದಿನೈದು ಜನ ಬೇಕಾದ ಆಟಕ್ಕೆ ಹೊಟ್ಟೆ ಬಂದ ಹಳಬರನ್ನೆಲ್ಲ ಇಳಿಸುವ ಸ್ಥಿತಿ. ಎದುರಾಳಿ ಕ್ಲಬ್ಬಿನದೂ ಅದೇ ಪಾಡು. ಎರಡೂ ಒಂದಾಗದೆ ಗತಿಯಿಲ್ಲ ಎಂದಾಯಿತು. ಹಾಗಾದರೆ ಯಾರ ಹೆಸರು ಉಳಿಯಬೇಕು? ತಮ್ಮಿಬ್ಬರ ನಡುವಿನ ಸೀಸನ್ನಿನ ಕೊನೆಯ ಮ್ಯಾಚು ಗೆದ್ದವರದು ಎಂದು ಎರಡೂ ಕಡೆಯ ಹಿರಿಯರು ಕೈ ಕುಲುಕಿದರು.

ಆ ಮ್ಯಾಚಿನ ಕೊನೆಯ ಗಳಿಗೆಯಲ್ಲಿ ನಮ್ಮವರು ಒಂದೇ ಪಾಯಿಂಟ್ ಹಿಂದೆ. ಸಮ ಮಾಡಿದ್ದರೆ ಮುಂದಿನ ವಾರ ಮತ್ತೆ ಆಡಬಹುದಿತ್ತು. ನಮ್ಮ ಹುಡುಗ ಒದ್ದ ಚೆಂಡು ನನ್ನ ಕಂಬದ ತುದಿಗಿಂತಲೂ ಮೇಲೆ ಹಾರಿತು. ನನ್ನ ಕಡೆಯ ಕಂಬ, ಹೇಳಬೇಕಾದವಳು ನಾನು. ನಮ್ಮವರೆಲ್ಲ ಆಗಲೇ ಕೈ ಎತ್ತಿ ಕುಣಿಯುತ್ತಿದ್ದರು. ಓನರು ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ಆದರೆ ಚೆಂಡು ಹೊರಗೆ ಹೋದದ್ದನ್ನು ಕಣ್ಣಾರೆ ಕಂಡಿದ್ದೆ. ಬಾವುಟ ಮುಟ್ಟಲಿಲ್ಲ. ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡ ಹಿಡಿದು, ಹೊರಗೆ ಎಂದು ತೋರಿಸಿದೆ.

ಮನೆಗೆ ಬಂದ ಮೇಲೆ ನನ್ನ ಗಂಡ ಶುರು ಮಾಡಿದರು. "ಬಾವುಟ ಎತ್ತಿದ್ರೆ ನಿನ್ನ ಗಂಟೇನೇ ಹೋಗ್ತಿತ್ತು? ನಾಳೆ ಮನೆ ಖಾಲಿ ಮಾಡಿ ಅಂದ್ರೆ ಎಲ್ಲಿಗೆ ಹೋಗೋದು?"

ನನಗೂ ರೇಗಿತು. ಹೊರಗೆ ಹೋದದ್ದನ್ನು ಒಳಗೆ ಅನ್ನಲು ನನಗೆ ಬರುವುದಿಲ್ಲ, ಬೇಕಿದ್ದರೆ ನೀವೇ ಕೋಟು ತೊಟ್ಟು ನಿಂತುಕೊಳ್ಳಿ ಅಂದೆ. ಬಾಯಿ ಜೋರು ಮಾಡಿದೆನೇ ಹೊರತು ತಟ್ಟೆಯ ಅನ್ನ ಮುಟ್ಟಲಿಲ್ಲ.

ಮರುದಿನ ಸಂಜೆ ಓನರು ಬಾಗಿಲು ತಟ್ಟಿದರು. ಕರೆದರೂ ಒಳಗೆ ಬರಲಿಲ್ಲ.

"ಡಾಕ್ಟರ್, ಎಷ್ಟು ಹೊರಗಿತ್ತು?"

ನಾನು ಗೇಣು ಮಾಡಿ ತೋರಿಸಿದೆ. ಅವರು ನನ್ನ ಕೈಯನ್ನೇ ನೋಡಿದರು.

"ನಂಗೆ ಒಳಗೇ ಕಾಣಿಸ್ತು. ಈಗ್ಲೂ ಹಾಗೇ ಕಾಣಿಸ್ತಿದೆ. ಅದಕ್ಕೇ ಅಲ್ಲಿ ನಾನು ನಿಲ್ಲದೆ ನಿಮ್ಮನ್ನ ನಿಲ್ಲಿಸಿದ್ದು."

ಅಷ್ಟು ಹೇಳಿ ಮೆಟ್ಟಿಲಿಳಿದು ಹೋದರು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆನೇನೋ... ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಮುಂದಿನ ಸೀಸನ್ನಿನಲ್ಲಿ ಹುಡುಗರೆಲ್ಲ ಬೇರೆ ಹೆಸರಿನ ಜೆರ್ಸಿ ತೊಟ್ಟರು. ಓನರು ಅವರಿಗೂ ನೀರು ಹೊತ್ತರು, ಬ್ಯಾಂಡೇಜು ಸುತ್ತಿದರು. ತಾವು ಮಾತ್ರ ಆ ಜೆರ್ಸಿ ತೊಡಲಿಲ್ಲ. ಆಮೇಲೆ ನಾವು ಗಂಟೆ ದಾರಿ ದೂರದ ಕ್ಯಾಂಪ್‌ಬೆಲ್‌ನಲ್ಲಿ ಮನೆ ಮಾಡಿದೆವು. ಮಕ್ಕಳು, ಡೇಕೇರು, ಫ್ರೀವೇ... ಫೋನು ಮಾಡುವುದು ಕಡಿಮೆಯಾಗಿ ನಿಂತೇಹೋಯಿತು. ಅವರು ತೀರಿಕೊಂಡ ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ಎಷ್ಟೋ ತಿಂಗಳಾಗಿತ್ತು.

ಈ ಭಾನುವಾರ ಮಗಳಿಗೆ ಕಾರು ಓಡಿಸಲು ಹೇಳಿ ಆ ಹಳೆಯ ಮೈದಾನಕ್ಕೆ ಹೋಗಿದ್ದೆ. ಆಟ ನಡೆಯುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಕೋಚಿಗೆ ಆ ಹಳೆಯ ಕ್ಲಬ್ಬಿನ ಹೆಸರು ಹೇಳಿದೆ. ನನ್ನ ಉಚ್ಚಾರ ಸರಿಯಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದೆ. ಆತ ಪಾಪ, ಮರ್ಯಾದೆಯಿಂದಲೇ, ಅದು ಯಾರ ಹೆಸರು ಎಂದು ಕೇಳಿದ.

ಒಂದು ಹಳ್ಳಿಯ ಹೆಸರು ಅನ್ನಬೇಕಿತ್ತು, ನಮ್ಮ ಓನರ ಹೆಸರು ಎಂದೆ.